ಸ್ಕ್ರೋಲ್ ಲಾಕ್ ಎರಡು ಸಲ

"ಇನ್ನೊಂದು ಸಲ ಈ ಕಂಪ್ಯೂಟರ್ ಹ್ಯಾಂಗ್ ಆದ್ರೆ ನೀನು ಮತ್ತೆ ಬರುದು ಬೇಡ. ಈ ಊರಲ್ಲಿ ಯಾರೂ ನಿನ್ನನ್ನು ಕಂಪ್ಯೂಟರಿನ ಎದುರು ಕೂರಿಸದ ಹಾಗೆ ನಾನೇ ನೋಡಿಕೊಳ್ತೇನೆ."

ಹರಿನಾಥ ಇದನ್ನು ಹೇಳಿದ್ದು ಸೋಮವಾರ ಬೆಳಿಗ್ಗೆ, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ. ಬೇಕೆಂದೇ ಹಾಗೆ ಹೇಳಿದ. ಸುಪ್ರೀತಾ ತಲೆ ಎತ್ತಲಿಲ್ಲ, ಆದರೆ ಸಾಲಿನಲ್ಲಿ ಹದಿನೇಳು ಜನ ಇದ್ದಾರೆಂದು ಅವಳಿಗೆ ಗೊತ್ತಿತ್ತು. ಹದಿನೇಳು ಜನ ಎಂದರೆ ಸಂಜೆಯೊಳಗೆ ಅರ್ಧ ಪೈವಳಿಕೆ.

ಪೈವಳಿಕೆ ಪೇಟೆಯಲ್ಲಿ ಹರಿನಾಥನದ್ದು ಆನ್‌ಲೈನ್ ಸೇವೆಯ ಅಂಗಡಿ. ಕರೆಂಟ್ ಬಿಲ್ಲು, ರೇಷನ್ ಕಾರ್ಡಿನ ತಿದ್ದುಪಡಿ, ವಿಲೇಜ್ ಆಫೀಸಿನ ಅರ್ಜಿ, ಎಲ್ಲ ಅಲ್ಲಿಯೇ. ಈಗ ಪೆನ್ಶನ್ ಮಸ್ಟರಿಂಗ್‌ನ ಕಾಲ. ಪೆನ್ಶನ್ ಪಡೆಯುವವರು ಬಂದು ಬೆರಳು ಒತ್ತಿ ತಾವು ಬದುಕಿದ್ದೇವೆಂದು ತೋರಿಸಬೇಕು. ಮುಂದಿನ ವಾರದ ಮಂಗಳವಾರ ಕಡೆಯ ದಿನ. ಹಾಗಾಗಿ ಅಂಗಡಿಯ ಮೆಟ್ಟಿಲಿನಿಂದ ಬಸ್ ನಿಲ್ಲುವ ಜಾಗದವರೆಗೆ ಮುದುಕರು, ವಿಧವೆಯರು, ಕೋಲು ಊರಿದವರು. ಅವರೆಲ್ಲರ ಬೆರಳು ದಾಟಿ ಹೋಗುವುದು ಒಂದೇ ಕಂಪ್ಯೂಟರಿನ ಮೂಲಕ, ಆ ಕಂಪ್ಯೂಟರಿನ ಎದುರು ಕೂರುವವಳು ಸುಪ್ರೀತಾ. ಕಳೆದ ಎರಡು ತಿಂಗಳಿನಿಂದ ಅದು ಕೆಲಸದ ನಡುವೆ ಹಾಗೇ ನಿಂತುಬಿಡುತ್ತಿತ್ತು. ಪರದೆಯ ಮೇಲಿನ ಚಿತ್ರ ಅಲ್ಲಾಡುವುದಿಲ್ಲ, ಮೌಸ್ ಬಾಣ ಕದಲುವುದಿಲ್ಲ, ಗಡಿಯಾರದ ನಿಮಿಷ ಕೂಡ ಮುಂದೆ ಹೋಗುವುದಿಲ್ಲ.

ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟವಳಿಗೆ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ ಇನ್ನೊಂದು ಸಿಗುವುದಿಲ್ಲ. ಈ ಕುರ್ಚಿಯಾದರೂ ಸಿಕ್ಕಿದ್ದು ಮೂರು ವರ್ಷ ಅಂಗಡಿ ಗುಡಿಸಿ, ಜೆರಾಕ್ಸ್ ತೆಗೆದು, ಬೇರೆಯವರ ಬೆನ್ನ ಹಿಂದೆ ನಿಂತು ನೋಡಿ ನೋಡಿ ಕಲಿತ ಮೇಲೆ. ಬಾಯಿ ಬಿಟ್ಟು ಕೇಳಿ ಕಲಿಯುವ ಧೈರ್ಯ ಅವಳಿಗೆ ಇರಲಿಲ್ಲ. ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ.

"ಮಾವ, ನೀವು ಅವಳನ್ನು ಬೈದು ಪ್ರಯೋಜನ ಇಲ್ಲ," ಎಂದ ವಿಖ್ಯಾತ್. ಅವನು ಹರಿನಾಥನ ಅಕ್ಕನ ಮಗ, ಮಂಗಳೂರಿನಲ್ಲಿ ಡಿಪ್ಲೊಮಾ ಓದಿದವನು, ಹನ್ನೊಂದು ಗಂಟೆಗೆ ಬೈಕಿನಲ್ಲಿ ಬಂದು ಅಂಗಡಿಯ ಮಿಷನ್‌ಗಳ ಉಸ್ತುವಾರಿ ನೋಡುವವನು. "ನಾನು ಎರಡು ಸಲ ಫಾರ್ಮ್ಯಾಟ್ ಹೊಡೆದಿದ್ದೇನೆ. ಮಿಷನ್ ಕ್ಲೀನ್ ಉಂಟು. ನಮ್ಮ ನೈನ್ತ್ ಮೇಡಂ ಎಲ್ಲೆಲ್ಲಿ ಒತ್ತುತ್ತಾರೆ ಅಂತ ದೇವರಿಗೇ ಗೊತ್ತು."

ಸಾಲಿನಲ್ಲಿ ಯಾರೋ ನಕ್ಕರು. ವಿಖ್ಯಾತ್ ಗೋಡೆಯ ಸ್ವಿಚ್ ತೆಗೆದ, ಹತ್ತು ಎಣಿಸಿದ, ಮತ್ತೆ ಹಾಕಿದ. ಹ್ಯಾಂಗ್ ಆದಾಗಲೆಲ್ಲ ಆ ಅಂಗಡಿಯಲ್ಲಿ ಮಾಡುತ್ತಿದ್ದ ಚಿಕಿತ್ಸೆ ಅದೊಂದೇ.

ಸುಪ್ರೀತಾ ಮೇಜಿನ ಖಾನೆಯಲ್ಲಿ ಒಂದು ಹಳೆಯ ನೋಟುಪುಸ್ತಕ ಇಟ್ಟುಕೊಂಡಿದ್ದಳು. ಅದರ ಹಿಂದಿನ ಪುಟದಲ್ಲಿ ಕಂಪ್ಯೂಟರ್ ಯಾವ ದಿನ ನಿಂತಿತು, ಎಷ್ಟು ಗಂಟೆಗೆ ನಿಂತಿತು, ಆಗ ಎದುರಿಗೆ ಯಾರಿದ್ದರು ಎಂದು ಬರೆಯುತ್ತಿದ್ದಳು. ಇವತ್ತಿನದು ಹನ್ನೊಂದನೆಯದು. ಹನ್ನೊಂದು ಹೆಸರುಗಳನ್ನು ಒಂದರ ಕೆಳಗೊಂದು ಓದಿದರೆ ಅವಳಿಗೆ ಒಂದು ಸಂಗತಿ ಎದ್ದು ಕಾಣುತ್ತಿತ್ತು. ಆರು ಜನ ಬೀಡಿ ಕಟ್ಟುವ ಹೆಂಗಸರು. ಮೂವರು ಕೆಂಪುಕಲ್ಲಿನ ಕೋರೆಯಲ್ಲಿ ದುಡಿದವರು. ಇಬ್ಬರು ಅಡಿಕೆ ಸುಲಿಯುವವರು. ಮಾಸ್ಟ್ರು, ಅಂಗಡಿಯವರು, ಗಲ್ಫಿನಿಂದ ಬಂದವರು ಒಬ್ಬರೂ ಇಲ್ಲ. ಬೆರಳು ಸವೆದವರು ಬಂದಾಗ ಮಾತ್ರ ಅದು ನಿಲ್ಲುತ್ತಿತ್ತು.

ಬೆರಳು ಸವೆಯುವುದೆಂದರೇನೆಂದು ಅವಳಿಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಅವಳ ಅಮ್ಮ ಮೋಹಿನಿ ಮೂವತ್ತು ವರ್ಷ ಬೀಡಿ ಕಟ್ಟಿದವಳು. ಅವಳ ಹೆಬ್ಬೆರಳು ನದಿಯ ಕಲ್ಲಿನ ಹಾಗೆ ನುಣ್ಣಗೆ, ಒಂದು ಗೆರೆ ಇಲ್ಲ. ಅಂಥ ಬೆರಳನ್ನು ಅಂಗಡಿಯಲ್ಲಿದ್ದ, ಬೆರಳು ಒತ್ತುವ ಕಪ್ಪು ಮಿಷನ್ ಓದುತ್ತಿರಲಿಲ್ಲ. ಬೇರೆ ಅಂಗಡಿಗಳಲ್ಲಿ ಅಂಥವರನ್ನು ವಾಪಸು ಕಳಿಸುತ್ತಿದ್ದರು. ಇಲ್ಲಿ ಎರಡು ತಿಂಗಳ ಹಿಂದೆ ವಿಖ್ಯಾತ್ ಎಲ್ಲಿಂದಲೋ ಒಂದು ಹಳೆಯ ಬಿಳಿ ಮಿಷನ್ ತಂದಿದ್ದ. ಕಪ್ಪಿನಲ್ಲಿ ಬಾರದ ಬೆರಳು ಅದರಲ್ಲಿ ಬರುತ್ತಿತ್ತು. "ಕಪ್ಪಿನಲ್ಲಿ ಆಗದಿದ್ರೆ ಕೂಡಲೇ ಬಿಳಿಯಲ್ಲಿ ಒತ್ತಿಸು. ಒಂದನ್ನು ತೆಗೆದು ಇನ್ನೊಂದನ್ನು ಸಿಕ್ಕಿಸ್ಲಿಕ್ಕೆ ಹೋಗ್ಬೇಡ, ಟೈಮ್ ವೇಸ್ಟ್. ಎರಡೂ ಒಟ್ಟಿಗೆ ಇರ್ಲಿ," ಎಂದು ಕಲಿಸಿದವನೂ ಅವನೇ. ಸುತ್ತಲಿನ ಊರುಗಳಿಂದ ಜನ ಇಲ್ಲಿಗೇ ಬರುವುದಕ್ಕೆ ಆ ಬಿಳಿ ಮಿಷನ್ ಕಾರಣ. ಅದು ತನ್ನ ತಲೆ ಎಂದು ವಿಖ್ಯಾತ್ ದಿನಕ್ಕೆ ಎರಡು ಸಲವಾದರೂ ಹೇಳುತ್ತಿದ್ದ. ಆ ಮಿಷನ್ ಕಡೆಗೆ ಬೆರಳು ತೋರಿಸುವುದೆಂದರೆ ಅವನ ಮುಖಕ್ಕೆ ತೋರಿಸಿದ ಹಾಗೆ.

ಹಿಂದಿನ ವಾರ ಕುಂಬಳೆಯಿಂದ ರೋಶನ್ ಪ್ರಿಂಟರ್ ರಿಪೇರಿಗೆ ಬಂದಿದ್ದಾಗ, ಹರಿನಾಥ ಊಟಕ್ಕೆ ಹೋದ ಹೊತ್ತು ನೋಡಿ, ಅವಳು ನೋಟುಪುಸ್ತಕವನ್ನು ಅವನ ಕಡೆಗೆ ಸರಿಸಿದ್ದಳು. ಮಾತಾಡುವುದಕ್ಕಿಂತ ಅದು ಸುಲಭವಾಗಿತ್ತು.

ರೋಶನ್ ಓದಿದ. "ಇದನ್ನು ನೀನೇ ಬರೆದದ್ದಾ?"

ಹೌದೆಂದು ತಲೆಯಾಡಿಸಿದಳು.

"ನಿನಗೆ ಯಾರ ಮೇಲೆ ಡೌಟು?"

ಅವಳು ಬಿಳಿ ಮಿಷನ್ ಕಡೆ ನೋಡಿದಳು.

"ಇರಬಹುದು. ಆದ್ರೆ ಡೌಟು ಸಾಕಾಗುದಿಲ್ಲ ಮಾರಾಯ್ತಿ. ಹ್ಯಾಂಗ್ ಆದಾಗ ಇವರು ಸ್ವಿಚ್ ತೆಗೀತಾರೆ ಅಲ್ವಾ? ಅಲ್ಲಿಗೆ ಮುಗೀತು. ಒಂದು ಗುರುತು ಉಳಿಯುದಿಲ್ಲ. ಸ್ವಿಚ್ ತೆಗೀಬಾರ್ದು. ನಾವೇ ಅದನ್ನು ಬೇಕಂತ ಬೀಳಿಸ್ಬೇಕು. ಹಾಗೆ ಬೀಳುವಾಗ ಅದು ಆ ಹೊತ್ತಿಗೆ ಒಳಗೆ ಯಾರು ಯಾರು ಎಂತ ಮಾಡ್ತಾ ಇದ್ರು ಅಂತ ಪೂರಾ ಬರೆದಿಟ್ಟೇ ಬೀಳುದು. ಅದನ್ನು ಓದಿದ್ರೆ ಯಾವ ಡ್ರೈವರ್ ತಪ್ಪು ಮಾಡ್ತಾ ಉಂಟು ಅಂತ ಸಿಗ್ತದೆ."

ಡ್ರೈವರ್ ಎಂದರೆ ಬೆರಳಿನ ಮಿಷನ್‌ಗೂ ಕಂಪ್ಯೂಟರಿಗೂ ನಡುವೆ ಮಾತು ದಾಟಿಸುವ ಪ್ರೋಗ್ರಾಮು ಎಂದು ಅವಳಿಗೆ ಗೊತ್ತಿತ್ತು. ಬೀಳಿಸುವುದು ಹೇಗೆಂದು ಗೊತ್ತಿರಲಿಲ್ಲ. ರೋಶನ್ ಕಂಪ್ಯೂಟರಿನ ಒಳಗೆ ಎಲ್ಲಿಗೋ ಹೋಗಿ, ಸೊನ್ನೆ ಇದ್ದ ಕಡೆ ಒಂದು ಎಂದು ಬದಲಾಯಿಸಿದ. ಅಟ್ಟದ ಮೇಲಿದ್ದ, ಉರುಟು ಪಿನ್ನಿನ ಹಳೆಯ ಕೀಬೋರ್ಡ್ ಇಳಿಸಿ ಅದನ್ನೂ ಸಿಕ್ಕಿಸಿ, ಮೇಜಿನ ಕೆಳಗಿನ ಹಲಗೆಯ ಮೇಲಿಟ್ಟ. "ಹೊಸ ಕೀಬೋರ್ಡ್ ಬೆರಳಿನ ಮಿಷನ್‌ನ ದಾರಿಯಲ್ಲೇ ಹೋಗುದು, ಅದರೊಟ್ಟಿಗೆ ಅದೂ ಸಾಯ್ತದೆ. ಇದರದ್ದು ಬೇರೆ ದಾರಿ. ಬಲಗಡೆಯ ಕಂಟ್ರೋಲ್ ಒತ್ತಿ ಹಿಡಿ, ಸ್ಕ್ರೋಲ್ ಲಾಕ್ ಎರಡು ಸಲ. ನೀಲಿ ಆಗ್ತದೆ. ಹೆದರ್ಬೇಡ. ಅದರಲ್ಲಿ ಒಂದು ಲೆಕ್ಕ ಏರ್ತಾ ಹೋಗ್ತದೆ, ಅದು ನೂರು ಆಗುವವರೆಗೆ ಯಾರನ್ನೂ ಮುಟ್ಟಲಿಕ್ಕೆ ಬಿಡ್ಬೇಡ."

ಯಾರನ್ನೂ ಮುಟ್ಟಲಿಕ್ಕೆ ಬಿಡಬೇಡ. ಅದೇ ಕಷ್ಟದ ಮಾತಾಗಿತ್ತು.

ಸೋಮವಾರ ವಿಖ್ಯಾತ್ ಅವಳಿಗಿಂತ ಮೊದಲೇ ಸ್ವಿಚ್ ತಲುಪಿದ್ದ. ಹರಿನಾಥನ ಎಚ್ಚರಿಕೆಯೂ ಬಂದಾಗಿತ್ತು. ಈಗ ಸುಪ್ರೀತಾಳ ಲೆಕ್ಕ ನೇರವಾಗಿತ್ತು. ಅದು ಇನ್ನೊಮ್ಮೆ ನಿಲ್ಲುವುದು ಖಂಡಿತ. ನಿಂತರೆ ಅವಳು ಹೊರಗೆ. ಹೇಗೂ ಹೊರಗೆ ಹೋಗುವುದಾದರೆ, ಹೋಗುವ ಮೊದಲು ಅದರ ಬಾಯಿ ಬಿಡಿಸಬೇಕು.

ಬುಧವಾರ ಹನ್ನೆರಡಕ್ಕೆ ಪಂಕಜಾಕ್ಷಿ ಬಂದಳು. ಅರುವತ್ತೆಂಟು ವರ್ಷ, ಬೀಡಿ ಕಟ್ಟಿದವಳು, ಗಂಟಲು ದೊಡ್ಡದು. ಕುರ್ಚಿಯಲ್ಲಿ ಕೂತು ಹೆಬ್ಬೆರಳನ್ನು ಸೆರಗಿಗೆ ಒರೆಸಿ ಕಪ್ಪು ಮಿಷನ್ ಮೇಲಿಟ್ಟಳು. ಬರಲಿಲ್ಲ. ಇನ್ನೊಂದು ಬೆರಳು. ಅದೂ ಬರಲಿಲ್ಲ. ಕಪ್ಪು ಮಿಷನ್‌ನ ಕೆಂಪು ದೀಪ ಉರಿಯುತ್ತಲೇ ಇತ್ತು.

"ಬಿಳಿಯದ್ದರಲ್ಲಿ ಇಡಿ ಪಂಕಜಕ್ಕ."

ಇಟ್ಟಳು. ಬಿಳಿ ಮಿಷನ್‌ನಲ್ಲೂ ದೀಪ ಹೊತ್ತಿತು. ಪರದೆಯ ಮೇಲೆ ತಿರುಗುತ್ತಿದ್ದ ಚಕ್ರ ಅರ್ಧಕ್ಕೆ ನಿಂತಿತು. ಸುಪ್ರೀತಾ ಗಡಿಯಾರ ನೋಡಿದಳು. ಹನ್ನೆರಡು ಹದಿನಾಲ್ಕು. ಅವಳು ಮನಸ್ಸಿನಲ್ಲೇ ಅರುವತ್ತು ಎಣಿಸಿದಳು. ಹನ್ನೆರಡು ಹದಿನಾಲ್ಕೇ.

"ಪುನಃ!" ಎಂದ ವಿಖ್ಯಾತ್, ಬೆನ್ನ ಹಿಂದಿನಿಂದ. ಅವನ ಚಪ್ಪಲಿಯ ಸದ್ದು ಗೋಡೆಯ ಕಡೆಗೆ ಹೋಯಿತು.

ಸುಪ್ರೀತಾ ಎದ್ದು ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಳು. "ಬೇಡ."

ಅವನು ಅಂಗಡಿಗೆ ಬರತೊಡಗಿದ ಎರಡು ವರ್ಷಗಳಲ್ಲಿ ಅವಳು ಅವನಿಗೆ ಹೇಳಿದ ಮೊದಲ ಬೇಡ ಅದು. ಅವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅಷ್ಟರಲ್ಲಿ ಅವಳು ಅಲ್ಲಿಂದಲೇ ಬಗ್ಗಿ ಮೇಜಿನ ಕೆಳಗಿನ ಹಲಗೆಯ ಮೇಲಿನ ಹಳೆಯ ಕೀಬೋರ್ಡ್ ಎಳೆದು, ಬಲಗಡೆಯ ಕಂಟ್ರೋಲ್ ಒತ್ತಿ ಹಿಡಿದು, ಸ್ಕ್ರೋಲ್ ಲಾಕನ್ನು ಎರಡು ಸಲ ಒತ್ತಿದಳು.

ಪರದೆ ನೀಲಿಯಾಯಿತು. ಪಂಕಜಾಕ್ಷಿ "ಅಯ್ಯೋ ದೇವರೇ!" ಎಂದು ಕೈ ಹಿಂದೆಗೆದುಕೊಂಡಳು. ಸಾಲು ಮುರಿದು ಜನ ಮೇಜಿನ ಸುತ್ತ ಬಂದರು. ಹರಿನಾಥ ಒಳಗಿನ ಕೋಣೆಯಿಂದ ಬಂದು ನೀಲಿ ಪರದೆ ನೋಡಿ ಬಾಗಿಲಲ್ಲೇ ನಿಂತ.

"ಎಂತ ಮಾಡಿದಿ ನೀನು?"

"ಹರಿಯಣ್ಣ, ನೂರು ಆಗುವವರೆಗೆ ಬಿಡಿ. ಅದು ಬರೀತಾ ಉಂಟು. ಎಲ್ಲಿ ತಪ್ಪು ಅಂತ ಬರೀತಾ ಉಂಟು."

ಪರದೆಯ ಮೇಲೆ ಮೂವತ್ತು ಎಂದಿತ್ತು. ಮೂವತ್ತೈದು. ವಿಖ್ಯಾತ್ ಬಗ್ಗಿ ಅದರ ಕೆಳಗಿನ ಇಂಗ್ಲಿಷ್ ಸಾಲನ್ನು ಓದಿದ. ಮೊದಲು ತನಗೇ, ಆಮೇಲೆ ಎಲ್ಲರಿಗೂ ಕೇಳುವ ಹಾಗೆ.

"ಮ್ಯಾನ್ಯುವಲಿ ಇನಿಶಿಯೇಟೆಡ್ ಕ್ರ್ಯಾಶ್. ಮಾವ, ಇದರರ್ಥ ಗೊತ್ತುಂಟಾ? ಕೈಯಾರೆ ಬೀಳಿಸಿದ್ದು ಅಂತ. ನಾನು ಹೇಳುದಲ್ಲ, ಕಂಪ್ಯೂಟರೇ ಹೇಳ್ತಾ ಉಂಟು. ನೋಡಿ, ಎಲ್ಲರೂ ನೋಡಿ!" ಅವನು ಮೊಬೈಲಿನಲ್ಲಿ ಅದರ ಫೋಟೋ ತೆಗೆದ. "ಎರಡು ತಿಂಗಳಿಂದ ಮಾಡ್ತಾ ಇದ್ದದ್ದು ಇದನ್ನೇ. ಇವತ್ತು ಸಿಕ್ಕಿಬಿದ್ದಳು."

"ಇವತ್ತಿನದು ಮಾತ್ರ ನಾನು ಮಾಡಿದ್ದು. ಅದು ನಿಂತ ಮೇಲೆ—"

"ಕೇಳಿದ್ರಾ? ಅವಳ ಬಾಯಲ್ಲೇ ಬಂತು."

ಹರಿನಾಥನಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಅಳಿಯನಿಗೆ ಬರುತ್ತದೆಂಬ ನಂಬಿಕೆ ಬೇಕಾದಷ್ಟಿತ್ತು. "ನಿನ್ನ ಬ್ಯಾಗ್ ತಕೊ," ಎಂದ. ಬೊಬ್ಬೆ ಹಾಕಲಿಲ್ಲ. "ಅನ್ನ ಕೊಟ್ಟ ಅಂಗಡಿಗೆ ಕೈಯಾರೆ ಮಣ್ಣು ಹಾಕುವವಳು ನನಗೆ ಬೇಡ."

ಸುಪ್ರೀತಾ ಬ್ಯಾಗ್ ತೆಗೆದುಕೊಂಡಳು. ಆದರೆ ತೊಂಬತ್ತೆಂಟು, ನೂರು ಆಗಿ ಪರದೆ ಕಪ್ಪಾಗುವವರೆಗೆ ಸ್ವಿಚ್ಚಿನ ಎದುರಿನಿಂದ ಕದಲಲಿಲ್ಲ. ಮೆಟ್ಟಿಲು ಇಳಿಯುವಾಗ ಸಾಲಿನವರು ಎರಡು ಬದಿಗೆ ಸರಿದು ದಾರಿ ಬಿಟ್ಟರು, ಮೈ ತಾಗಬಾರದು ಎಂಬ ಹಾಗೆ.

ಮನೆಯಲ್ಲಿ ಮೋಹಿನಿ ಏನೂ ಕೇಳಲಿಲ್ಲ. ಸುದ್ದಿ ಮಗಳಿಗಿಂತ ಮೊದಲಿನ ಬಸ್ಸಿನಲ್ಲೇ ಬಂದು ತಲುಪಿತ್ತು.

ಗುರುವಾರ ಮಧ್ಯಾಹ್ನ ರೋಶನ್ ಫೋನ್ ಮಾಡಿದ. ಹುಡುಗಿ ಎಷ್ಟು ಹಾಳು ಮಾಡಿದ್ದಾಳೆಂದು ನೋಡುವುದಕ್ಕೆ ಹರಿನಾಥನೇ ಅವನನ್ನು ಬೆಳಿಗ್ಗೆ ಕರೆಸಿದ್ದನಂತೆ.

"ಹಾಳಾದ್ದು ಎಂತದೂ ಇಲ್ಲ. ನೀನು ಬೀಳಿಸಿದಾಗ ಬರೆದಿಟ್ಟದ್ದು ಪೂರಾ ಉಂಟು, ನಾನು ಓದಿದೆ. ಕಪ್ಪಿನ ಡ್ರೈವರು ಬಿಳಿಯದ್ದು ಬಿಡ್ಲಿ ಅಂತ ಕಾಯ್ತಾ ಉಂಟು. ಬಿಳಿಯದ್ದು ಕಪ್ಪು ಬಿಡ್ಲಿ ಅಂತ ಕಾಯ್ತಾ ಉಂಟು. ನಿಮ್ಮ ಊರಿನ ಮೋರಿಯ ಸಣ್ಣ ಸೇತುವೆಯಲ್ಲಿ ಬಸ್ಸೂ ಟಿಪ್ಪರೂ ಎದುರು ಬದುರು ನಿಂತ ಹಾಗೆ. ಎರಡೂ ರಿವರ್ಸ್ ಹೋಗುದಿಲ್ಲ, ಹಿಂದೆ ಇದ್ದವರೆಲ್ಲ ಬ್ಲಾಕ್. ಆ ಬಿಳಿಯದ್ದರ ಡ್ರೈವರು ಈ ಕಂಪ್ಯೂಟರಿಗೆ ಹೇಳಿ ಮಾಡಿಸಿದ್ದೇ ಅಲ್ಲ. ಹಾಕ್ಬೇಡ ಅಂತ ಅದು ಎಚ್ಚರಿಕೆ ಕೊಟ್ಟಿರ್ತದೆ, ಅದನ್ನು ಬಂದ್ ಮಾಡಿ ಒತ್ತಾಯಕ್ಕೆ ಹಾಕಿದ್ದಾರೆ. ಒಂದೊಂದೇ ಇಟ್ರೆ ತೊಂದರೆ ಇಲ್ಲ. ಒಟ್ಟಿಗೆ ಇಟ್ರೆ ಇವತ್ತಲ್ಲ ನಾಳೆ ನಿಲ್ತದೆ."

"ಹರಿಯಣ್ಣನಿಗೆ ಹೇಳಿದ್ರಾ?"

"ಹೇಳಿದೆ. ಬಿಡಿಸಿ ಬಿಡಿಸಿ ಹೇಳಿದೆ. 'ಆಯ್ತು' ಅಂದ್ರು."

ಸುಪ್ರೀತಾ ಆ ದಿನ ಸಂಜೆಯವರೆಗೂ ಫೋನ್ ಪಕ್ಕದಲ್ಲಿಟ್ಟುಕೊಂಡು ಕೂತಳು. ಹರಿನಾಥನಿಂದ ಕರೆ ಬರಲಿಲ್ಲ. ಶುಕ್ರವಾರವೂ ಬರಲಿಲ್ಲ.

ಬಂದದ್ದು ಪಂಕಜಾಕ್ಷಿ. ಶುಕ್ರವಾರ ನಾಲ್ಕು ಗಂಟೆಗೆ, ಬಿಸಿಲಿಗೆ ಮುಖ ಕೆಂಪು ಮಾಡಿಕೊಂಡು, ಜಗಲಿಗೆ ಹತ್ತುವ ಮೊದಲೇ ಬೈಗುಳ ಶುರುಮಾಡಿದಳು.

"ನಿನ್ನಿಂದ ನನ್ನ ಪೆನ್ಶನ್ ಹೋಗ್ತದೆ ಮಗಾ! ನಿನ್ನೆ ಹೋದೆ, ಇವತ್ತು ಹೋದೆ. ಬೆರಳು ಬರುದಿಲ್ಲ, ಕುಂಬಳೆಗೆ ಹೋಗು ಅಂತಾನೆ ಆ ಡಿಪ್ಲೊಮಾ. ಬಿಳಿ ಮಿಷನ್ ಎಲ್ಲಿ ಅಂತ ಕೇಳಿದ್ರೆ ಇಲ್ಲ ಅಂತಾನೆ. ನೀನು ಅದನ್ನೂ ಹಾಳು ಮಾಡಿ ಹೋದದ್ದಂತೆ."

"ಯಾರು ಹೇಳಿದ್ದು?"

"ಅವನೇ. ಸಾಲಿಗೆ ಸಾಲೇ ಕೇಳ್ತದೆ. 'ಆ ಹುಡುಗಿ ಹೋದ ಮೇಲೆ ಕಂಪ್ಯೂಟರ್ ಒಂದು ಸಲ ಹ್ಯಾಂಗ್ ಆಗ್ಲಿಲ್ಲ, ಹೂವಿನ ಹಾಗೆ ನಡೀತಾ ಉಂಟು' ಅಂತ. ಹೌದಲ್ಲ, ಆಗ್ಲಿಲ್ಲ. ನಾನೇ ನೋಡಿದೆ."

ಸುಪ್ರೀತಾಳಿಗೆ ಆಗ ಅರ್ಥವಾಯಿತು. ರೋಶನ್ ಹೇಳಿದ ಮಾತನ್ನು ಹರಿನಾಥ ಕೇಳಿದ್ದ. ಕೇಳಿ, ಬಿಳಿ ಮಿಷನ್ ತೆಗೆದು ಒಳಗಿಟ್ಟಿದ್ದ. ಕಂಪ್ಯೂಟರ್ ಸರಿಯಾಗಿತ್ತು. ಸರಿಯಾದದ್ದಕ್ಕೆ ಕಾರಣ ಅವಳು ಹೋದದ್ದು ಎಂದಾಗಿತ್ತು. ಅವಳು ಕಷ್ಟಪಟ್ಟು ಹೊರಗೆಳೆದ ಸತ್ಯವನ್ನೇ ಅವರು ಅವಳ ಮೇಲೆ ತಿರುಗಿಸಿದ್ದರು. ಅಕ್ಕನ ಮಗನ ಮೇಲೆ ಒಂದು ಮಾತು ಬಂದರೆ ಅಕ್ಕನ ಮನೆಯ ಬಾಗಿಲು ಮುಚ್ಚುತ್ತದೆ. ಬೀಡಿ ಕಟ್ಟುವವಳ ಮಗಳ ಮೇಲೆ ಬಂದರೆ ಯಾವ ಬಾಗಿಲೂ ಮುಚ್ಚುವುದಿಲ್ಲ.

ಅವಳು ಒಳಗೆ ಹೋಗಿ ಪಂಕಜಾಕ್ಷಿಗೆ ಒಂದು ಚೆಂಬು ನೀರು ತಂದಿಟ್ಟಳು.

"ಪಂಕಜಕ್ಕ, ನಾಳೆ ನಾನು ನಿಮ್ಮೊಟ್ಟಿಗೆ ಬರ್ತೇನೆ," ಎಂದು ಅವಳು ಹೇಳಿದಳು. "ಯಾರು ಎಂತ ಹೇಳಿದ್ರೂ ನೀವು ಕುರ್ಚಿಯಿಂದ ಏಳ್ಬಾರ್ದು."

"ನನ್ನನ್ನು ಎಬ್ಬಿಸುವವನು ಇನ್ನೂ ಹುಟ್ಟಬೇಕು," ಎಂದು ಹೇಳಿ ಪಂಕಜಾಕ್ಷಿ ನೀರು ಕುಡಿದು ಹೋದಳು.

ಶನಿವಾರ ಹನ್ನೊಂದೂವರೆಗೆ ಅಂಗಡಿ ತುಂಬಿತ್ತು. ಕಂಪ್ಯೂಟರಿನ ಎದುರು ವಿಖ್ಯಾತ್ ಕೂತಿದ್ದ. ಸುಪ್ರೀತಾ ಸಾಲಿನಲ್ಲೇ ನಿಂತು, ಸರದಿ ಬರುವವರೆಗೆ ಕಾದು, ಪಂಕಜಾಕ್ಷಿಯ ಹಿಂದೆಯೇ ಮೇಜಿನವರೆಗೆ ಬಂದಳು. ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು.

"ಓಹೋ, ನೈನ್ತ್ ಮೇಡಂ! ಇವತ್ತು ಎಂತ ಬೀಳಿಸ್ಲಿಕ್ಕೆ ಬಂದದ್ದು?"

ಅವಳು ರಾತ್ರಿಯಿಡೀ ಜೋಡಿಸಿಟ್ಟ ಮಾತು ಅರ್ಧ ಮರೆತಿತ್ತು. ಉಳಿದ ಅರ್ಧವನ್ನು ಹೇಳಿದಳು. "ಪಂಕಜಕ್ಕನ ಬೆರಳು ಬಿಳಿ ಮಿಷನ್‌ನಲ್ಲಿ ಮಾತ್ರ ಬರ್ತದೆ. ಅದು ಹಾಳಾಗಲಿಲ್ಲ. ಹರಿಯಣ್ಣನ ಮೇಜಿನ ಡ್ರಾವರಿನಲ್ಲಿ ಉಂಟು."

ಡ್ರಾವರ್ ಎಂದದ್ದು ಊಹೆ. ಆದರೆ ಹರಿನಾಥನ ಕಣ್ಣು ಆ ಕಡೆಗೆ ಹೋಗಿ ಬಂತು. ಅದನ್ನು ಅವಳೂ ನೋಡಿದಳು, ಪಂಕಜಾಕ್ಷಿಯೂ ನೋಡಿದಳು.

"ತೆಗೀರಿ ಹರಿನಾಥಣ್ಣ!" ಪಂಕಜಾಕ್ಷಿಯ ಸ್ವರ ಬಸ್ ನಿಲ್ಲುವ ಜಾಗದವರೆಗೆ ಹೋಯಿತು. "ಮಿಷನ್ ಒಳಗಿಟ್ಟುಕೊಂಡು ಮೂರು ದಿನದಿಂದ ನನ್ನನ್ನು ಬಿಸಿಲಲ್ಲಿ ನಡೆಸ್ತಾ ಇದ್ದೀರಲ್ಲ, ನಾನು ಬದುಕಿರುದು ನಿಮಗೆ ಬೇಡವಾ?"

"ತೆಗೀರಿ, ತೆಗೀರಿ," ಎಂದ ಹಿಂದಿದ್ದ ಉಗ್ಗಪ್ಪ. ಕಲ್ಲುಕೋರೆಯಲ್ಲಿ ದುಡಿದವನು. ಅವನ ಬೆರಳೂ ನಿನ್ನೆ ಬಂದಿರಲಿಲ್ಲ.

ಹರಿನಾಥ ಬಿಳಿ ಮಿಷನ್ ತೆಗೆದು ಮೇಜಿನ ಮೇಲಿಟ್ಟ. ವಿಖ್ಯಾತ್ ಅದರ ವೈರನ್ನು ಸಿಕ್ಕಿಸಲು ಹೋದಾಗ ಸುಪ್ರೀತಾ ಹೇಳಿದಳು: "ಕಪ್ಪನ್ನು ತೆಗೆದು ಇದನ್ನು ಹಾಕಿ. ಎರಡೂ ಒಟ್ಟಿಗೆ ಇದ್ರೆ ಹ್ಯಾಂಗ್ ಆಗ್ತದೆ."

"ಯಾರು ಹೇಳಿದ್ದು? ಆ ಪ್ರಿಂಟರ್ ಮೆಕ್ಯಾನಿಕ್ಕಾ?"

"ವಿಖ್ಯಾತ್, ಬೇಡ," ಎಂದ ಹರಿನಾಥ ಮೆಲ್ಲಗೆ.

ಆದರೆ ಅಂಗಡಿ ತುಂಬ ಜನ ನೋಡುತ್ತಿದ್ದರು. ಅವಳ ಮಾತು ಕೇಳಿ ಕಪ್ಪು ಮಿಷನ್ ಕೀಳುವುದು ವಿಖ್ಯಾತನಿಂದಾಗಲಿಲ್ಲ. "ನೋಡುವ ಹಾಗಾದ್ರೆ," ಎಂದ. ಎರಡನ್ನೂ ಸಿಕ್ಕಿಸಿದ. "ನಾನೇ ಕೂತಿದ್ದೇನೆ. ಅವಳು ಮುಟ್ಟುದಿಲ್ಲ. ಎಲ್ಲರೂ ನೋಡ್ತಾ ಇರಿ. ಹ್ಯಾಂಗ್ ಆಗದಿದ್ರೆ ನೀನು ಈ ಪೇಟೆಗೇ ಕಾಲಿಡ್ಬಾರ್ದು, ಆಯ್ತಾ?"

"ಆಯ್ತು," ಎಂದಳು ಸುಪ್ರೀತಾ.

ಅಂದ ಮೇಲೆ ಅವಳಿಗೆ ನೆನಪಾಯಿತು. ಪ್ರತಿಸಲ ನಿಲ್ಲುತ್ತದೆಂದು ರೋಶನ್ ಹೇಳಿರಲಿಲ್ಲ. ಇವತ್ತಲ್ಲ ನಾಳೆ ಎಂದಿದ್ದ.

ಪಂಕಜಾಕ್ಷಿ ಕಪ್ಪಿನ ಮೇಲೆ ಹೆಬ್ಬೆರಳಿಟ್ಟಳು. ಬರಲಿಲ್ಲ. ವಿಖ್ಯಾತ್ ಏನೋ ಒತ್ತಿದ, ಕಪ್ಪಿನ ಕೆಂಪು ದೀಪ ಆರಿತು. "ಈಗ ಬಿಳಿಯಲ್ಲಿ ಇಡಿ." ಬಿಳಿಯಲ್ಲಿ ದೀಪ ಹೊತ್ತಿತು, ಚಕ್ರ ತಿರುಗಿತು, ಬೆರಳು ಸರಿಯಾಗಿ ಕೂತಿಲ್ಲ ಎಂಬ ಸೂಚನೆ ಬಂತು. ಕಂಪ್ಯೂಟರ್ ನಿಲ್ಲಲಿಲ್ಲ.

"ಎಲ್ಲಿ? ಎಲ್ಲಿ ಹ್ಯಾಂಗ್?" ವಿಖ್ಯಾತ್ ಕುರ್ಚಿ ತಿರುಗಿಸಿ ಸಾಲಿನ ಕಡೆ ಕೈ ಚಾಚಿದ. ನಾಲ್ಕಾರು ಜನ ನಕ್ಕರು.

ಸುಪ್ರೀತಾ ನಗುವವರ ಕಡೆ ನೋಡಲಿಲ್ಲ. ಅವಳು ಕಪ್ಪು ಮಿಷನನ್ನೇ ನೋಡುತ್ತಿದ್ದಳು. ಅದರ ದೀಪ ಆರಿತ್ತು. ಕಂಪ್ಯೂಟರ್ ನಿಂತ ಹನ್ನೆರಡು ಸಲವೂ ಅದು ಉರಿಯುತ್ತಲೇ ಇತ್ತು, ಎಂದರೆ ಕಪ್ಪು ಇನ್ನೂ ಬೆರಳಿಗಾಗಿ ಕಾಯುತ್ತಲೇ ಇತ್ತು.

"ನೀವು ಕಪ್ಪಿನದ್ದನ್ನು ಕ್ಯಾನ್ಸಲ್ ಮಾಡಿದ್ರಿ," ಎಂದಳು.

"ಎಂತ?"

"ಎರಡು ತಿಂಗಳಲ್ಲಿ ಒಂದು ದಿನ ಕ್ಯಾನ್ಸಲ್ ಮಾಡ್ಲಿಲ್ಲ ನೀವು. ಟೈಮ್ ವೇಸ್ಟ್, ಕೂಡಲೇ ಬಿಳಿಯಲ್ಲಿ ಒತ್ತಿಸು ಅಂತ ನನಗೆ ಕಲಿಸಿದ್ದು ನೀವು. ಇವತ್ತು ಯಾಕೆ ಮಾಡಿದ್ರಿ? ದಿನಾ ಹೇಗೆ ಮಾಡ್ತೇವೋ ಹಾಗೇ ಮಾಡಿ."

ನಗುತ್ತಿದ್ದವರಿಗೆ ಕ್ಯಾನ್ಸಲ್ ಎಂದರೇನೆಂದು ಗೊತ್ತಿತ್ತೋ ಇಲ್ಲವೋ, ವಿಖ್ಯಾತನ ಕಿವಿ ಕೆಂಪಾದದ್ದು ಎಲ್ಲರಿಗೂ ಕಂಡಿತು.

"ಮಾಡು ಮಾರಾಯ," ಎಂದ ಉಗ್ಗಪ್ಪ. "ಗಂಡಸಿನ ಹಾಗೆ ಮಾಡು. ನಮಗೂ ಮನೆಗೆ ಹೋಗ್ಬೇಕು."

ಪಂಕಜಾಕ್ಷಿ ಕೇಳುವ ಮೊದಲೇ ಹೆಬ್ಬೆರಳನ್ನು ಕಪ್ಪಿನ ಮೇಲೆ ಒತ್ತಿದಳು. ದೀಪ ಹೊತ್ತಿ ಉರಿಯತೊಡಗಿತು. ವಿಖ್ಯಾತ್ ಈ ಸಲ ಏನನ್ನೂ ಒತ್ತಲಿಲ್ಲ, ಒತ್ತುವ ಹಾಗಿರಲಿಲ್ಲ. ಅವಳು ಅದೇ ಬೆರಳನ್ನು ತೆಗೆದು ಬಿಳಿಯ ಮೇಲಿಟ್ಟಳು. ಚಕ್ರ ಒಂದು ಸುತ್ತು ಬಂತು. ಎರಡನೆಯ ಸುತ್ತಿನ ಕಾಲು ಭಾಗದಲ್ಲಿ ನಿಂತಿತು.

ವಿಖ್ಯಾತ್ ಮೌಸ್ ಅಲ್ಲಾಡಿಸಿದ. ಮತ್ತೆ ಅಲ್ಲಾಡಿಸಿದ, ಮೇಜಿಗೆ ಕುಟ್ಟಿದ. ಬಾಣ ಕದಲಲಿಲ್ಲ.

"ಇವಳು ಒಳಗೆ ಬಂದದ್ದಕ್ಕೇ ಹೀಗಾದದ್ದು! ಇವಳ ಕಾಲ್ಗುಣ—"

"ಬಾಯಿ ಮುಚ್ಚು," ಎಂದಳು ಪಂಕಜಾಕ್ಷಿ. "ಅವಳ ಕೈ ಬೆನ್ನ ಹಿಂದೆ ಉಂಟು. ಬೀಳಿಸಿದ್ದು ನೀನು, ಒತ್ತಿದ್ದು ನಾನು."

ಸುಪ್ರೀತಾ ಹರಿನಾಥನ ಕಡೆ ತಿರುಗಿದಳು. "ರೋಶನಣ್ಣ ಗುರುವಾರವೇ ನಿಮಗೆ ಹೇಳಿದ್ದಾರೆ. ಹೇಳಲಿಲ್ಲವಾ?"

ಹರಿನಾಥ ಸಾಲಿನವರ ಮುಖಗಳನ್ನು ಒಂದೊಂದಾಗಿ ನೋಡಿದ, ಯಾರಾದರೂ ತನ್ನ ಪರವಾಗಿ ಏನಾದರೂ ಹೇಳಬಹುದೇ ಎಂಬ ಹಾಗೆ. ಕೊನೆಗೆ ಕೆಮ್ಮಿ, ಯಾರನ್ನೂ ನೋಡದೆ, "ತಪ್ಪು ಮಿಷನ್‌ನದ್ದು," ಎಂದ. "ಹುಡುಗಿಯದ್ದಲ್ಲ."

"ಮಿಷನ್ ತಾನಾಗಿ ನಡೆದು ಬರ್ಲಿಲ್ಲ," ಎಂದಳು ಸುಪ್ರೀತಾ.

"ಸಾಕು ಹೇಳಿದ್ದು!" ಹರಿನಾಥನ ಸ್ವರ ಏರಿತು. "ನಾಳೆಯಿಂದ ಬಾ, ಕೂತ್ಕೋ. ಇನ್ನೆಂತ ಬೇಕು ನಿನಗೆ? ಕಾಲು ಹಿಡೀಬೇಕಾ?"

"ಬಿಳಿ ಮಿಷನ್ ಯಾರು ಹಾಕಿದ್ದು ಅಂತಲೂ ಹೇಳಿ. ಮತ್ತೆ ಈ ಕಂಪ್ಯೂಟರಿಗೆ ಇನ್ನು ವಿಖ್ಯಾತಣ್ಣ ಕೈ ಹಾಕ್ಬಾರ್ದು. ಹಾಕಿದ ದಿನ ನಾನು ಎದ್ದು ಹೋಗ್ತೇನೆ."

"ನನ್ನ ಅಂಗಡಿಯಲ್ಲಿ ನನಗೆ ಷರತ್ತು ಹಾಕ್ತೀಯಾ ನೀನು?"

"ಹೌದು."

ಅಷ್ಟು ಚಿಕ್ಕ ಮಾತು ಅಷ್ಟು ಗಟ್ಟಿಯಾಗಿ ತನ್ನ ಬಾಯಿಂದ ಬಂದದ್ದು ಕೇಳಿ ಅವಳಿಗೇ ದಿಗಿಲಾಯಿತು. ಹರಿನಾಥ ಬಾಯಿ ತೆರೆದ. ಏನು ಹೇಳುತ್ತಿದ್ದನೋ, ಅದಕ್ಕೆ ಮೊದಲೇ ಉಗ್ಗಪ್ಪ ಮುಂದೆ ಬಂದು ತನ್ನ ಆಧಾರ್ ಕಾರ್ಡನ್ನು ಮೇಜಿನ ಮೇಲೆ ಸದ್ದಾಗುವಂತೆ ಇಟ್ಟ.

"ಜಗಳ ಮತ್ತೆ ಮಾಡಿ. ಮೊದಲು ಈ ಅಕ್ಕನದ್ದು, ಆಮೇಲೆ ನನ್ನದು. ಎರಡು ಗಂಟೆಗೆ ಬಸ್ಸುಂಟು ನನಗೆ. ನೀನು ಏಳು ಮಾರಾಯ, ಅವಳು ಕೂತ್ಕೊಳ್ಳಲಿ."

ಸಾಲಿನಿಂದ "ಹೌದು, ಹೌದು" ಎಂಬ ಸದ್ದು ಬಂತು. ಅದು ಅವಳ ಮೇಲಿನ ಪ್ರೀತಿಯಲ್ಲ, ಮಧ್ಯಾಹ್ನದ ಹಸಿವು. ಆದರೂ ವಿಖ್ಯಾತ್ ಎದ್ದ. ಸುಪ್ರೀತಾ ಸ್ವಿಚ್ ತೆಗೆದು, ಕಪ್ಪು ಮಿಷನ್‌ನ ವೈರನ್ನು ಕಿತ್ತು ಪಕ್ಕಕ್ಕಿಟ್ಟು, ಮತ್ತೆ ಸ್ವಿಚ್ ಹಾಕಿ, ಕುರ್ಚಿಯಲ್ಲಿ ಕೂತಳು. ಬಿಳಿಯೊಂದೇ ಉಳಿದಿತ್ತು. ಪಂಕಜಾಕ್ಷಿಯ ಬೆರಳು ಎರಡನೆಯ ಒತ್ತಿಗೆ ಬಂತು. ಹಸಿರು ಗುರುತು ಕಂಡ ಕೂಡಲೇ ಅವಳು ಎದ್ದು, ಯಾರಿಗೂ ಒಂದು ಮಾತು ಹೇಳದೆ, ಕೊಡೆ ಬಿಡಿಸಿ ನಡೆದಳು.

ವಿಖ್ಯಾತ್ ಸುಪ್ರೀತಾಳ ಕಿವಿಯ ಹತ್ತಿರ ಬಗ್ಗಿದ. "ಇದನ್ನು ನಾನು ಮರೆಯುದಿಲ್ಲ, ಗೊತ್ತಾಯ್ತಾ?"

"ಮರೀಬೇಡಿ," ಎಂದಳು ಅವಳು, ಪರದೆಯಿಂದ ಕಣ್ಣು ತೆಗೆಯದೆ. ಮತ್ತೆ ಉಗ್ಗಪ್ಪನ ಕಡೆ ಕೈ ಚಾಚಿದಳು.

"ಹೆಬ್ಬೆರಳು ಬೇಡ ಉಗ್ಗಪ್ಪಣ್ಣ, ಅದು ಪೂರಾ ಸವೆದಿದೆ. ಉಂಗುರದ ಬೆರಳು ಇಡಿ. ಸ್ವಲ್ಪ ಒತ್ತಿ. ಹಾಂ, ತೆಗೀಬೇಡಿ."